ಗದಗ ಸೀಮೆಯ ಗುಡಿ, ಬಾವಿ, ಬೆಟ್ಟ

ಹಂಪೆಯನ್ನು ಕಂಡ ಯಾತ್ರಿಕ ಬಾದಾಮಿಗೆ ಹೊರಡುತ್ತಾನೆ. ಬಾದಾಮಿಯನ್ನು ಕಂಡವನು ಹಂಪೆಗೆ. ನಡುವಣ ಗದಗವು ಅವನ ಪಾಲಿಗೆ ಗಾಡಿ ಬದಲಿಸುವ ನಿಲ್ದಾಣ ಮಾತ್ರ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಎರೆಮಣ್ಣಿನ ಜಿಲ್ಲೆಯಲ್ಲಿ ಎರಡು ದಿನ ನಿಲ್ಲಬಲ್ಲವನಿಗೆ ದೊರೆಯುವ ಸಂಪತ್ತು ಸಾಮಾನ್ಯವಾದುದಲ್ಲ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸಿದೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಗೆ ಆಧಾರವೆಂದು ಹೇಳಿಕೊಂಡದ್ದೂ ಈ ಪುಲಿಗೆರೆಯ ತಿರುಳ್ಗನ್ನಡವನ್ನೇ. ಅಲ್ಲಿನ ಸೋಮೇಶ್ವರನ ಅಂಗಳದಲ್ಲಿ ನಿಂತಾಗ, ನಾವಾಡುವ ಮಾತಿಗೂ ಒಂದು ತವರೂರಿದೆಯೆಂಬ ಅರಿವು ಮೂಡದಿರದು.

ಗದಗಿನಿಂದ ಹೊಸಪೇಟೆಯ ದಾರಿಯಲ್ಲಿ ಸುಮಾರು ಹನ್ನೆರಡು ಕಿಲೋಮೀಟರು ಹೋದರೆ ಲಕ್ಕುಂಡಿ, ಅಂದರೆ ಶಾಸನಗಳ ಲೊಕ್ಕಿಗುಂಡಿ. ಇಮ್ಮಡಿ ವೀರಬಲ್ಲಾಳನು ಸೇವುಣರನ್ನು ಸೋಲಿಸಿದ ಮೇಲೆ ನೆಲೆವೀಡು ಮಾಡಿಕೊಂಡ ಊರಿದು. ಆದರೆ ಲಕ್ಕುಂಡಿಯ ಹೆಸರನ್ನು ಉಳಿಸಿದವಳು ಅರಸಿಯಲ್ಲ, ಒಬ್ಬ ವಿಧವೆ. ಪತಿ ನಾಗದೇವನು ರಣರಂಗದಲ್ಲಿ ಮಡಿದಾಗ ಅವನ ಇನ್ನೊಬ್ಬ ಪತ್ನಿ, ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗನಿಗಾಗಿ ಬದುಕಿ ಉಳಿದಳು. ಉಳಿದು ಏನು ಮಾಡಿದಳು? ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ತೆಗೆಸಿ ಹಂಚಿದಳು. ರನ್ನನಿಂದ 993ರಲ್ಲಿ ‘ಅಜಿತಪುರಾಣ’ವನ್ನು ಬರೆಸಿದಳು. 1007ರಲ್ಲಿ ಇಲ್ಲಿ ಬ್ರಹ್ಮಜಿನಾಲಯವನ್ನು ಎತ್ತಿಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಸಾವಿರ ಪ್ರತಿಗಳೆಂದರೆ ಎಷ್ಟು ಕಂಠಗಳು ಸವೆದಿರಬೇಕು! ದಾನಚಿಂತಾಮಣಿಯೆಂಬ ಬಿರುದು ಆಕೆಗೆ ಹೊಗಳಿಕೆಯಲ್ಲ, ಲೆಕ್ಕ.

ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿಯೆಂದು ಜನ ಹೇಳುತ್ತಾರೆ. ಎಣಿಸಿ ಸರಿನೋಡುವುದಕ್ಕಿಂತ, ಗುಡಿಯನ್ನೂ ಬಾವಿಯನ್ನೂ ಸಮಕ್ಕೆ ಎಣಿಸಿದ ಆ ಮನಸ್ಸನ್ನು ನೋಡುವುದು ಒಳ್ಳೆಯದು. ಕಾಶಿವಿಶ್ವನಾಥನ ಗುಡಿಯಲ್ಲಿ ಶಿವನೂ ಸೂರ್ಯನೂ ಎದುರುಬದುರಾಗಿ ನಿಂತಿದ್ದಾರೆ. ಬಾಗಿಲವಾಡದ ಕೆತ್ತನೆ ಕಲ್ಲಿನದೋ ದಂತದ್ದೋ ಎಂಬಂತಿದೆ. ಮಾಣಿಕೇಶ್ವರನ ಮಗ್ಗುಲ ಮುಸುಕಿನ ಬಾವಿಯ ಮೆಟ್ಟಿಲುಗಳಲ್ಲಿಯೂ ಗೂಡುಗುಡಿಗಳಿವೆ. ಮಳೆಗಾಗಿ ಮುಗಿಲನ್ನು ನೋಡುವ ಈ ಸೀಮೆಯಲ್ಲಿ ನೀರಿಗಿಳಿಯುವುದೂ ದೇವರಿಗೆ ಹತ್ತಿರವಾಗುವುದೂ ಒಂದೇ ಆಗಿತ್ತು. ನಲ್ಲಿ ಬಂದ ಮೇಲೆ ನಾವು ಗುಡಿಗೆ ಬೇಲಿ ಹಾಕಿದೆವು, ಅನೇಕ ಬಾವಿಗಳನ್ನು ಹೂಳಿಗೆ ಬಿಟ್ಟೆವು.

ಗದಗಿನಲ್ಲಿ ತ್ರಿಕೂಟೇಶ್ವರನ ಆವರಣದ ಸರಸ್ವತಿಯ ಗುಡಿಯನ್ನು ನೋಡಬೇಕು. ವಿಗ್ರಹ ಭಗ್ನವಾಗಿದೆ, ಕಂಬಗಳ ಕುಸುರಿ ಮಾತ್ರ ಮಾಸಿಲ್ಲ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಕುಳಿತು ಭಾರತವನ್ನು ರಚಿಸಿದನೆಂದು ನಂಬಿಕೆ. ಅವನು ಒರಗಿ ಕುಳಿತ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಡಂಬಳದ ದೊಡ್ಡಬಸಪ್ಪನ ಗುಡಿಯು ನಕ್ಷತ್ರಾಕಾರದ ತಳವಿನ್ಯಾಸಕ್ಕೆ ಹೆಸರಾದುದು. ಅದೇ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟರು ಕಟ್ಟಿಸಿದ ಬೌದ್ಧವಿಹಾರಕ್ಕೂ ತಾರಾದೇವಿಗೂ ದತ್ತಿ ನಡೆದುದನ್ನು 1095ರ ಶಾಸನ ಹೇಳುತ್ತದೆ. ಜೈನ, ಶೈವ, ವೈಷ್ಣವ, ಬೌದ್ಧರು ಒಂದೇ ನೆಲದಲ್ಲಿ ಕಟ್ಟಿಕೊಂಡ ಬದುಕು ಇದು.

ಕಣ್ಣಿಗೆ ತಂಪು ಬೇಕಾದವರಿಗೆ ಮಾಗಡಿಯ ಕೆರೆಯಿದೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ, ತಲೆಯ ಮೇಲೆ ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಇಲ್ಲಿಗೆ ಬಂದಿಳಿಯುತ್ತವೆ. ಇನ್ನು ಕಪ್ಪತಗುಡ್ಡ: ಔಷಧಿಯ ಗಿಡಮೂಲಿಕೆಗಳ ತವರು, ಒಡಲಿನಲ್ಲಿ ಅದಿರು ಹೊತ್ತ ಬೆಟ್ಟ. ಅದಕ್ಕೆ ದೊರೆತಿದ್ದ ರಕ್ಷಣೆಯನ್ನು 2016ರಲ್ಲಿ ಸರ್ಕಾರವು ಹಿಂತೆಗೆದುಕೊಂಡಾಗ ಗದಗಿನ ಜನ ಮಠಾಧೀಶರೊಡಗೂಡಿ ಬೀದಿಗಿಳಿದರು. 2017ರಲ್ಲಿ ರಕ್ಷಣೆ ಮರಳಿತು. 2019ರಲ್ಲಿ ಬೆಟ್ಟವು ವನ್ಯಜೀವಿಧಾಮವಾಯಿತು.

ಪ್ರತಿಯೊಂದನ್ನೂ ಯಾರೋ ಒಬ್ಬರು ಉಳಿಸಬೇಕೆಂದು ನಿಶ್ಚಯಿಸಿದ್ದರಿಂದಲೇ ಅದು ಉಳಿದಿದೆ. ಸಾವಿರ ಓಲೆಕಟ್ಟುಗಳನ್ನು ಮಾಡಿಸಿದ ಆ ತಾಯಿಯ ಊರಿಗೆ ಹೋಗಿಬಂದವರು, ತಮ್ಮೂರಿನ ಒಂದು ಬಾವಿಯ ಹೂಳನ್ನಾದರೂ ತೆಗೆಸಿದರೆ ಯಾತ್ರೆ ಸಾರ್ಥಕ.