ಮಳೆ ಹೊಳವಾದ ಬೆಳಗ್ಗೆ ಹಳ್ಳದ ಬದಿ ಏನೇನು ಕಾಣುತ್ತೆ? ಕುಂಬಾರ ಕಪ್ಪೆಯಿಂದ ನೀರುನಾಯಿವರೆಗೆ

ಘಟ್ಟದ ಸೀಮೆಯಲ್ಲಿ ರಾತ್ರಿಯಿಡೀ ಹೊಯ್ದ ಮಳೆ ಬೆಳಗ್ಗೆ ಒಂದು ತಾಸು ಹೊಳವಾದರೆ ಹಳ್ಳದ ಬದಿ ನೋಡಲು ಅದೇ ಸರಿಯಾದ ಹೊತ್ತು. ಸಿದ್ದಾಪುರ ತಾಲೂಕಿನಲ್ಲಿ, ಗೇರುಸೊಪ್ಪೆ–ಮಾವಿನಗುಂಡಿ ರಸ್ತೆಯ ಆಸುಪಾಸಿನ ಕತ್ತಲೆಕಾನು ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ರಾಮಪತ್ರೆ ಜಡ್ಡಿಗಳಿವೆ. ಅಂದರೆ ವರ್ಷವಿಡೀ ಒದ್ದೆ ಇರುವ ಜೌಗು ಕಾಡು. ಮರದ ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿರುತ್ತವೆ.

ಈ ಸೀಮೆಯ ಹಳ್ಳಗಳ ವಿಶೇಷ ಕುಂಬಾರ ಕಪ್ಪೆ. ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಪ್ರಭೇದ ಎಂದು ಪ್ರಕಟಿಸಿದರು. ವೈಜ್ಞಾನಿಕ ಹೆಸರಲ್ಲೂ ನಮ್ಮ 'ಕುಂಬಾರ' ಪದವೇ ಇದೆ: ನಿಕ್ಟಿಬಟ್ರಾಕಸ್ ಕುಂಬಾರ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೊರಟು ಹೋಗುತ್ತೆ. ಮುಂದಿನ ಕೆಲಸ ಗಂಡಿನದು. ಹಿಂಗಾಲ ಮೇಲೆ ನಿಂತು, ತಳದ ಕೆಸರನ್ನು ಮುಂಗೈಯಲ್ಲಿ ಎತ್ತಿ ಮೊಟ್ಟೆಗೆ ಮೆತ್ತುತ್ತೆ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತ ಈ ಉಪಾಯ ಇರಬೇಕು. ಮರಿಯಾದ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಇದೆಲ್ಲ ನಡೆಯುವುದು ರಾತ್ರಿ. ಬೆಳಗ್ಗೆ ಹೋದವರಿಗೆ ಕಪ್ಪೆ ಸಿಗೋದು ಅಪರೂಪ, ಕಡ್ಡಿಯ ಮೇಲಿನ ಮಣ್ಣಿನ ಮುದ್ದೆ ಮಾತ್ರ ಕಂಡೀತು. ಅದನ್ನು ಕೆದಕಬಾರದು.

ನೀರು ಜಿನುಗುವ ಬಂಡೆಯನ್ನೂ ಹತ್ತಿರದಿಂದ ನೋಡಿ. ಕೆಲವು ಜಿಗಿಯುವ ಕಪ್ಪೆಗಳ ಗೊದಮೊಟ್ಟೆಗಳು ನೀರೊಳಗಿರದೆ ಒದ್ದೆ ಬಂಡೆಗೇ ಅಂಟಿಕೊಂಡು ಬೆಳೆಯುತ್ತವೆ. ಮಳೆ ಕಡಿಮೆಯಾಗಿ ಹಳ್ಳ ಇಳಿದ ಮೇಲೆ ಕುಣಿಯುವ ಕಪ್ಪೆಗಳ ಸರದಿ. ನೀರಿನ ಸದ್ದಿನಲ್ಲಿ ಕೂಗು ಮುಳುಗಿ ಹೋಗುತ್ತಲ್ಲ, ಅದಕ್ಕೇ ಗಂಡು ಹಿಂಗಾಲು ಚಾಚಿ ಸನ್ನೆ ಮಾಡುತ್ತೆ. ಇದು ಹಗಲಲ್ಲೇ ಕಾಣುವ ಆಟ.

ಹಳ್ಳದ ನಡುವಿನ ಬಂಡೆ ಮೇಲೆ ಏಡಿ ಚಿಪ್ಪಿನ ಚೂರು ತುಂಬಿದ ಲದ್ದಿ ಇದ್ದರೆ ನೀರುನಾಯಿ ಬಂದು ಹೋಗಿದೆ ಅಂತ ಊಹಿಸಬಹುದು. ನಸುಕಿನಲ್ಲಿ ಮನುಷ್ಯರ ಹಾಗೆ ಶಿಳ್ಳೆ ಹೊಡೆಯೋದು ಸಿಳ್ಳಾರ ಹಕ್ಕಿ. ಉಂಬಳದ ವಿಷಯ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಎಚ್ಚರ ಬೇಕಾದದ್ದು ಗುಳಿಮಂಡಲದ ಬಗ್ಗೆ. ಮಲಬಾರ್ ಗುಳಿಮಂಡಲ ಹಸಿರು, ಹಳದಿ, ಕಂದು ಹೀಗೆ ಹಲವು ಬಣ್ಣದಲ್ಲಿರುತ್ತೆ. ಹಳ್ಳದ ಬದಿಯ ಗಿಡದಲ್ಲಿ ಅಲುಗಾಡದೆ ಕೂತಿರುತ್ತೆ. ಜಾರಿದಾಗ ಸಿಕ್ಕ ಕೊಂಬೆ ಹಿಡಿಯೋ ಅಭ್ಯಾಸ ಅಪಾಯ. ನಮ್ಮಲ್ಲಿ ಸಿಗುವ ಹಾವಿನ ವಿಷದ ಔಷಧಿ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಗುಳಿಮಂಡಲಕ್ಕೆಂದೇ ಮಾಡಿದ್ದಲ್ಲ. ಕಚ್ಚಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿಗಿಯಾಗಿ ಕಟ್ಟೋದು, ಕೊಯ್ಯೋದು ಬೇಡ.

ಕುಂಬಾರ ಕಪ್ಪೆ ಮೊಟ್ಟೆ ಇಡುವ ಕಾಲವೂ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲವೂ ಒಂದೇ. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಮೀನಿಗೂ ಗೊದಮೊಟ್ಟೆಗೂ ವಿಷ. ಕೊಳೆ ಬಂದರೆ ವರ್ಷದ ಬೆಳೆಯೇ ಹೋಗುತ್ತೆ, ಹಾಗಾಗಿ ಔಷಧಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಡ್ರಮ್ಮು, ಪಂಪು, ಪೈಪುಗಳನ್ನು ಹಳ್ಳಕ್ಕೇ ತಂದು ತೊಳೆಯೋದನ್ನು ಬಿಡಬಹುದು. ತೊಳೆದ ನೀರನ್ನು ಹಳ್ಳದಿಂದ ದೂರ, ತೋಟದೊಳಗೇ ಚೆಲ್ಲಿದರಾಯ್ತು. ತೋಟದಂಚಿನ ಹಳ್ಳ ಸವರುವವರು ನೀರಿಗೆ ಬಾಗಿದ ಸಣ್ಣ ಕಡ್ಡಿ, ಬೇರುಗಳನ್ನು ಮಳೆಗಾಲ ಮುಗಿಯುವವರೆಗೆ ಹಾಗೇ ಬಿಟ್ಟರೆ ಮೊಟ್ಟೆಗಳು ಉಳಿಯುತ್ತವೆ.

ಕಾಯ್ದಿಟ್ಟ ಅರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೇಲೆ ಮಳೆ ಜೋರಾಗಿದ್ದರೆ ಇಲ್ಲಿ ಹೊಳವಿದ್ದರೂ ಹಳ್ಳಕ್ಕೆ ಇಳಿಯಬೇಡಿ, ನೀರು ಏರೋದು ಗೊತ್ತೇ ಆಗುವುದಿಲ್ಲ.