ಒಡೆಯ ಬದಲಾದಾಗ: ದಂಡನಾಯಕ ಬ್ರಹ್ಮನ ಕಥೆ

ಹರಿಹರದಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೊರಟರೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಈ ಕ್ರಮದಲ್ಲಿ ಬರುತ್ತವೆ. ಬಲಗಡೆಗೆ, ಅಂದರೆ ಪೂರ್ವಕ್ಕೆ, ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ಮತ್ತು ಅದರಿಂದ ಸ್ವಲ್ಪ ದೂರದಲ್ಲಿ ಗುತ್ತಲ ಇವೆ. ಎಡಗಡೆಗೆ, ಪಶ್ಚಿಮದಲ್ಲಿ, ಹಾನಗಲ್ಲು. ಹನ್ನೆರಡನೆಯ ಶತಮಾನದಲ್ಲಿ ಪೂರ್ವದ ಗುತ್ತಲದಲ್ಲಿ ಗುತ್ತರು, ಪಶ್ಚಿಮದ ಹಾನಗಲ್ಲಿನಲ್ಲಿ ಕದಂಬರು ಆಳುತ್ತಿದ್ದರು. ಇಬ್ಬರೂ ಸಾಮಂತರು. ಇಬ್ಬರಿಗೂ ಮೇಲೆ ಒಬ್ಬ ಚಕ್ರವರ್ತಿ. ಆ ಚಕ್ರವರ್ತಿ ಯಾರು ಎಂಬ ಪ್ರಶ್ನೆಗೆ ಮಾತ್ರ ನಲವತ್ತು ವರ್ಷಗಳ ಒಳಗೆ ನಾಲ್ಕು ಉತ್ತರಗಳು ಬಂದುಹೋದವು.

ಈ ಉತ್ತರವನ್ನು ಶಾಸನದಲ್ಲಿ ಹುಡುಕುವುದು ಕಷ್ಟವಲ್ಲ. ಶಾಸನದ ಮೊದಲ ಸಾಲುಗಳಲ್ಲಿ ಸಾರ್ವಭೌಮನ ಹೆಸರು, ಬಿರುದುಗಳು. ಅನಂತರ ‘ತತ್ಪಾದಪದ್ಮೋಪಜೀವಿ’ ಎಂಬ ಒಂದು ಪದ. ಅವನ ಪಾದಕಮಲಗಳನ್ನು ಆಶ್ರಯಿಸಿ ಬದುಕುವವನು ಎಂದು ಅದರ ಅರ್ಥ. ಆ ಪದದ ನಂತರ ಸ್ಥಳೀಯ ಅರಸನ ಹೆಸರು ಬರುತ್ತದೆ. ಒಂದೇ ಮನೆತನದ ಶಾಸನಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ಮೊದಲ ಸಾಲುಗಳನ್ನಷ್ಟೇ ಓದುತ್ತ ಹೋದರೆ, ದಿಕ್ಸೂಚಿಯ ಮುಳ್ಳು ತಿರುಗುವುದನ್ನು ನೋಡಿದಂತಾಗುತ್ತದೆ. ಗುತ್ತಲದ ಗುತ್ತರು ಮೊದಲು ಕಲ್ಯಾಣದ ಚಾಲುಕ್ಯರ ಸಾಮಂತರು. ಆಮೇಲೆ ಕಳಚುರಿಗಳ ಸಾಮಂತರು. ಮುಂದೆ ದೇವಗಿರಿಯ ಸೇವುಣರ ಸಾಮಂತರು. ಮೇಲಿನ ಹೆಸರು ಬದಲಾಗುತ್ತದೆ. ‘ಉಜ್ಜಯಿನೀಪುರವರಾಧೀಶ್ವರ’ ಎಂಬ ಅವರ ಸ್ವಂತ ಬಿರುದು ಮಾತ್ರ ಹಾಗೆಯೇ ಉಳಿಯುತ್ತದೆ.

ಇದನ್ನು ದ್ರೋಹ ಎನ್ನಬೇಕೇ? ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಲ್ಲ ಇದು. ಆದರೂ ಆ ಕಾಲದ ಇತಿಹಾಸ ಓದುವವರು ಒಮ್ಮೆಯಾದರೂ ಎದುರಿಸಬೇಕಾದ ಪ್ರಶ್ನೆ. ಇದಕ್ಕೆ ಗುತ್ತರಿಗಿಂತ ಒಳ್ಳೆಯ ಉದಾಹರಣೆ ಒಬ್ಬ ಸೇನಾಪತಿ. ಅವನ ಹೆಸರು ಬ್ರಹ್ಮ. ಬೊಮ್ಮ, ಬಮ್ಮಿದೇವ ಎಂದೂ ಅವನನ್ನು ಕರೆದಿದ್ದಾರೆ.

ಅವನ ಕಥೆ ಹೇಳುವ ಮೊದಲು ಅವನ ಒಡೆಯರ ಕಥೆ ಹೇಳಬೇಕು. ಕಳಚುರಿಗಳು ಮಂಗಳವಾಡದವರು, ಅಂದರೆ ಇಂದಿನ ಮಹಾರಾಷ್ಟ್ರದ ಮಂಗಳವೇಢೆಯವರು. ಚಾಲುಕ್ಯರ ಸಾಮಂತರಾಗಿದ್ದ ಆ ಮನೆತನದ ಬಿಜ್ಜಳ, ಮೂರನೆಯ ತೈಲಪನ ದುರ್ಬಲ ಆಳ್ವಿಕೆಯಲ್ಲಿ ಬಲಿತ. ತೈಲಪನೋ, ಕಾಕತೀಯ ಪ್ರೋಲನ ಕೈಗೆ ಸೆರೆಸಿಕ್ಕಿ ಬಿಡುಗಡೆಯಾಗಿ ಬಂದವನು. 1157ರಿಂದ ಬಿಜ್ಜಳ ತನ್ನದೇ ಆಳ್ವಿಕೆಯ ವರ್ಷಗಳನ್ನು ಎಣಿಸತೊಡಗಿದ. ಆದರೆ ಕುತೂಹಲದ ಸಂಗತಿಯೆಂದರೆ, ಆಮೇಲೂ ಕೆಲವು ವರ್ಷ ಶಾಸನಗಳಲ್ಲಿ ಅವನು ತನ್ನನ್ನು ‘ಮಹಾಮಂಡಲೇಶ್ವರ’ ಎಂದೇ ಕರೆದುಕೊಂಡ. ಅದು ಸಾಮಂತನ ಪದವಿ. ಚಕ್ರವರ್ತಿಯಂತೆ ವರ್ಷ ಎಣಿಸುವುದು, ಸಾಮಂತನಂತೆ ಹೆಸರು ಹೇಳಿಕೊಳ್ಳುವುದು! ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ. 1162ರ ಹೊತ್ತಿಗೆ ಈ ಸಂಕೋಚವೂ ಹೋಯಿತು. ನಾವು ಬಸವಣ್ಣನವರ ಕಥೆಯಲ್ಲಿ ಕೇಳಿದ ಬಿಜ್ಜಳನೇ ಈತ. 1167ರಲ್ಲಿ ಅವನ ಆಳ್ವಿಕೆ ಮುಗಿದ ಮೇಲೆ ಅವನ ಮಕ್ಕಳಾದ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಒಬ್ಬರಾದ ಮೇಲೊಬ್ಬರು ಸಿಂಹಾಸನವೇರಿದರು. ಹದಿನೇಳು ವರ್ಷದೊಳಗೆ ಇಷ್ಟು ಜನ ದೊರೆಗಳೆಂದರೆ ಅರಮನೆಯ ಸ್ಥಿತಿ ಹೇಗಿತ್ತೆಂದು ನೀವೇ ಊಹಿಸಬಹುದು.

ದೊರೆಗಳು ಹೀಗೆ ಬದಲಾಗುವಾಗ ರಾಜ್ಯವನ್ನು ನಿಜವಾಗಿ ಹಿಡಿದು ನಿಲ್ಲಿಸಿದವರು ದಂಡನಾಯಕರು. ಅವರಲ್ಲಿ ಕಾವಣ ಒಬ್ಬ. ಅವನ ಮಗನೇ ಬ್ರಹ್ಮ. ತಂದೆ ಮಗ ಇಬ್ಬರೂ ಕಳಚುರಿಗಳ ಸೇವೆಯಲ್ಲಿದ್ದವರು, ಅವರ ಅನ್ನ ಉಂಡವರು. 1183ರ ಸುಮಾರಿಗೆ ಬ್ರಹ್ಮ ಪಕ್ಷ ಬದಲಿಸಿದ. ಚಾಲುಕ್ಯ ವಂಶದ ನಾಲ್ಕನೆಯ ಸೋಮೇಶ್ವರನ ಕಡೆ ಸೇರಿ, ತನ್ನ ಒಡೆಯರ ರಾಜ್ಯವನ್ನೇ ಕಿತ್ತು ಅವನ ಕೈಗೆ ಕೊಟ್ಟ. ಹುಬ್ಬಳ್ಳಿಯ ಬಳಿಯ ಬೆಹಟ್ಟಿಯಲ್ಲಿ ದೊರೆತ 1183ರ ತಾಮ್ರಪಟಗಳು ಕಳಚುರಿ ಸಿಂಘಣನವು. ಅಲ್ಲಿಂದ ಹೆಚ್ಚು ದೂರವಲ್ಲದ ಅಣ್ಣಿಗೇರಿಯ 1184ರ ಶಾಸನದಲ್ಲಿ ಬ್ರಹ್ಮ ಚಾಲುಕ್ಯ ರಾಜ್ಯವನ್ನು ಪುನಃ ಸ್ಥಾಪಿಸಿದವನು, ಕಳಚುರಿಗಳಿಗೆ ಕಾಲಾಗ್ನಿಯಂಥವನು. ನಡುವಿನ ಅಂತರ ಒಂದು ವರ್ಷ, ಅಷ್ಟೆ.

‘ಉಂಡ ಮನೆಗೆ ಎರಡು ಬಗೆದವನು’ ಎಂದು ನಮ್ಮ ಹಿರಿಯರು ಹೇಳುವ ಮಾತು ಇಲ್ಲಿ ಒಡನೆ ನೆನಪಾಗುತ್ತದೆ. ಹಳಗನ್ನಡದಲ್ಲಿ ಈ ಭಾವನೆಗೇ ಒಂದು ಪದವಿತ್ತು: ಜೋಳವಾಳಿ. ಒಡೆಯ ಕೊಟ್ಟ ಜೋಳದ ಋಣವನ್ನು ಯುದ್ಧದಲ್ಲಿ ಪ್ರಾಣ ಕೊಟ್ಟು ತೀರಿಸುವ ನಿಷ್ಠೆ. ಜೋಳ ಬೆಳೆಯುವ ನಮ್ಮ ನಾಡಿನಲ್ಲಿ ನಿಷ್ಠೆಗೂ ಜೋಳದ ಹೆಸರೇ ಬಂದದ್ದು ಸಹಜ. ಈ ಅಳತೆಯಲ್ಲಿ ನೋಡಿದರೆ ಬ್ರಹ್ಮ ಖಂಡಿತ ತಪ್ಪಿತಸ್ಥ.

ಆದರೆ ಸ್ವಲ್ಪ ತಡೆಯಿರಿ. ಬ್ರಹ್ಮ ಉಂಡದ್ದು ಕಳಚುರಿಗಳ ಜೋಳವಾದರೆ, ಕಳಚುರಿಗಳು ಉಂಡದ್ದು ಯಾರದು? ಚಾಲುಕ್ಯರದು. ಬಿಜ್ಜಳ ಮಾಡಿದ್ದನ್ನು ದ್ರೋಹವೆಂದರೆ ಬ್ರಹ್ಮ ಮಾಡಿದ್ದು ದ್ರೋಹವನ್ನು ಸರಿಪಡಿಸಿದ ಕೆಲಸವಾಗುತ್ತದೆ. ಅಣ್ಣಿಗೇರಿಯ ಶಾಸನ ಹೇಳುವುದು ಇದನ್ನೇ. ಬಿಜ್ಜಳನ ಇಪ್ಪತ್ತಾರು ವರ್ಷದ ಮನೆತನವನ್ನು ನ್ಯಾಯವಾದ ರಾಜವಂಶವೆಂದು ಒಪ್ಪಿದರೆ ಬ್ರಹ್ಮ ಸ್ವಾಮಿದ್ರೋಹಿ. ಕಿರೀಟಕ್ಕೆ ಇಬ್ಬರು ಹಕ್ಕುದಾರರು ಇದ್ದಾಗ ಒಬ್ಬನಿಗೆ ನಿಷ್ಠನಾಗುವುದೇ ಇನ್ನೊಬ್ಬನಿಗೆ ಎರಡು ಬಗೆದಂತೆ.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ 1455ರಿಂದ 1485ರವರೆಗೆ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ನಡುವೆ ಸಿಂಹಾಸನಕ್ಕಾಗಿ ನಡೆದ ಕಾಳಗಗಳನ್ನು ಗುಲಾಬಿಗಳ ಯುದ್ಧ ಎನ್ನುತ್ತಾರೆ. ವಾರಿಕ್‌ನ ಅರ್ಲ್ ರಿಚರ್ಡ್ ನೆವಿಲ್ ಎಂಬ ಶ್ರೀಮಂತ 1461ರಲ್ಲಿ ಯಾರ್ಕ್ ಮನೆತನದ ನಾಲ್ಕನೆಯ ಎಡ್ವರ್ಡನನ್ನು ದೊರೆಯಾಗಿಸಲು ದುಡಿದ. ಅವನು ಫ್ರಾನ್ಸಿನ ಕಡೆಯಿಂದ ಎಡ್ವರ್ಡನಿಗೆ ಹೆಣ್ಣು ತರುವ ಮಾತುಕತೆ ನಡೆಸುತ್ತಿದ್ದಾಗ, 1464ರಲ್ಲಿ, ದೊರೆ ಯಾರಿಗೂ ಹೇಳದೆ ಬೇರೆ ಮದುವೆಯಾಗಿಬಿಟ್ಟ. ಈ ಮುಖಭಂಗದೊಂದಿಗೆ ಅಧಿಕಾರದ ಬೇರೆ ಜಗಳಗಳೂ ಸೇರಿದವು. 1470ರಲ್ಲಿ ನೆವಿಲ್ ತಾನೇ ಇಳಿಸಿದ್ದ ಆರನೆಯ ಹೆನ್ರಿಯನ್ನು ಮತ್ತೆ ಸಿಂಹಾಸನಕ್ಕೆ ತಂದ. ಮರುವರ್ಷ ಏಪ್ರಿಲ್ 14ರಂದು ಬಾರ್ನೆಟ್ ಕಾಳಗದಲ್ಲಿ ಸತ್ತ. ‘ದೊರೆಗಳನ್ನು ಮಾಡುವವನು’ ಎಂದು ಇತಿಹಾಸ ಅವನನ್ನು ಕರೆಯಿತು. ನಮ್ಮ ಬ್ರಹ್ಮನಿಗೂ ಆ ಹೆಸರು ಒಪ್ಪುತ್ತದೆ. ವ್ಯತ್ಯಾಸವೆಂದರೆ, ನೆವಿಲ್‌ನ ಬಗ್ಗೆ ಪತ್ರಗಳು, ಸಮಕಾಲೀನ ವೃತ್ತಾಂತಗಳು ಇವೆ. ಬ್ರಹ್ಮನ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯಲು ಕಲ್ಲುಗಳನ್ನೇ ಕೇಳಬೇಕು.

ಆ ಕಲ್ಲುಗಳಲ್ಲಿ ಒಂದು ಗದುಗಿನ ತ್ರಿಕೂಟೇಶ್ವರ ದೇವಾಲಯದಲ್ಲಿದೆ. ಅದು ಬ್ರಹ್ಮನನ್ನು ಸೋಲಿಸಿದ ಹೊಯ್ಸಳ ಇಮ್ಮಡಿ ಬಲ್ಲಾಳನ 1192ರ ಶಾಸನ. ಒಂದೇ ಆನೆಯಿಂದ ಅರವತ್ತು ಆನೆಗಳನ್ನು ಗೆದ್ದು ಕಳಚುರಿ ಕುಲದಿಂದ ರಾಜ್ಯಲಕ್ಷ್ಮಿಯನ್ನು ಕಿತ್ತುಕೊಂಡ ಬ್ರಹ್ಮನನ್ನು ಬಲ್ಲಾಳ ಬರೀ ಕುದುರೆ ಸೈನ್ಯದಿಂದ ಸೋಲಿಸಿದನೆಂದು ಅದು ಹೇಳುತ್ತದೆ. ಬ್ರಹ್ಮ ಕಳಚುರಿಗಳ ಮೇಲೆ ತಿರುಗಿಬಿದ್ದ ಪ್ರಸಂಗದಲ್ಲಿ ಅವನ ತಂದೆಗೆ ಆದ ಅವಮಾನದ ಮಾತೂ ಅಲ್ಲಿ ಬರುತ್ತದೆ. ಒಂದಕ್ಕೆ ಅರವತ್ತು ಎಂಬ ಲೆಕ್ಕವನ್ನು ವಿಜ್ಞಾನ ಓದಿದ ನನ್ನಂಥವರು ಅಳತೆಯೆಂದು ಒಪ್ಪಲಾರೆವು. ಅದು ಕವಿಯ ಲೆಕ್ಕ. ಸೋತವನನ್ನು ಎಷ್ಟು ದೊಡ್ಡವನನ್ನಾಗಿ ಮಾಡಿದರೆ ಗೆದ್ದವನು ಅಷ್ಟು ದೊಡ್ಡವನಾಗುತ್ತಾನೆ ಎಂಬುದು ಆಸ್ಥಾನಕವಿಗೆ ಚೆನ್ನಾಗಿ ಗೊತ್ತು. ಆದರೆ ಅವಮಾನದ ಮಾತನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. ಬಲ್ಲಾಳನ ಹೊಗಳಿಕೆಗೆ ಅದರಿಂದ ಏನೂ ಲಾಭವಿಲ್ಲ. ಲಾಭವಿಲ್ಲದ ಮಾತನ್ನು ಎದುರಾಳಿ ಹೇಳಿದರೆ ಅದಕ್ಕೆ ತೂಕ ಹೆಚ್ಚು. ಹಾಗಾದರೆ ಬ್ರಹ್ಮನನ್ನು ತಿರುಗಿಸಿದ್ದು ಚಾಲುಕ್ಯ ಭಕ್ತಿಯಲ್ಲ, ಮನೆಯ ಮಾನ. ಚಾಲುಕ್ಯ ಭಕ್ತಿಯ ಬಿರುದುಗಳು ಆಮೇಲೆ ಬಂದಿರಬೇಕು ಎಂದು ನನಗನಿಸುತ್ತದೆ.

ಬ್ರಹ್ಮ ಕಟ್ಟಿದ ರಾಜ್ಯ ಬಹಳ ದಿನ ಬಾಳಲಿಲ್ಲ. ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ಬಲ್ಲಾಳ ಒತ್ತಿ ಬಂದರು. ಸೋಮೇಶ್ವರನ ಶಾಸನಗಳು 1189ರ ನಂತರ ಈ ಭಾಗದಲ್ಲಿ ಕಾಣುವುದಿಲ್ಲ. ಚಾಲುಕ್ಯರು ಹೋದರು, ಗೆದ್ದವರಿಬ್ಬರು ಸೊರಟೂರು, ಲಕ್ಕುಂಡಿಗಳ ಬಳಿ ತಮ್ಮತಮ್ಮೊಳಗೆ ಕಾದಾಡಿದರು. ತ್ರಿಕೂಟೇಶ್ವರಕ್ಕೆ 1191ರಲ್ಲಿ ಭಿಲ್ಲಮ ದತ್ತಿ ಕೊಟ್ಟ. 1192ರಲ್ಲಿ ಅದೇ ದೇವಾಲಯಕ್ಕೆ ಬಲ್ಲಾಳ ದತ್ತಿ ಕೊಟ್ಟ. ಎರಡನ್ನೂ ಸ್ವೀಕರಿಸಿದವರು ಒಬ್ಬರೇ ಆಚಾರ್ಯರು, ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಅವರನ್ನು ಯಾರೂ ದ್ರೋಹಿ ಎನ್ನಲಿಲ್ಲ. ದೇವರ ದೀಪಕ್ಕೆ ಎಣ್ಣೆ ಬೇಕು. ಎಣ್ಣೆ ಯಾರ ರಾಜ್ಯದಿಂದ ಬಂತೆಂದು ದೀಪ ಕೇಳುವುದಿಲ್ಲ.

ಈಗ ನಮ್ಮ ರೈಲುಹಾದಿಯ ಎರಡು ಬದಿಗೆ ಮರಳೋಣ. ಗುತ್ತರು ಗಾಳಿ ಬಂದ ಕಡೆ ತೂರಿಕೊಂಡರು ಎಂದು ಹಗುರವಾಗಿ ಹೇಳಬಹುದು. ಆದರೆ ನಕ್ಷೆ ನೋಡಿ: ಅವರದು ನದಿಯಂಚಿನ ಚಿಕ್ಕ ನಾಡು, ಒಂದು ಕಡೆ ಹೊಯ್ಸಳರು, ಇನ್ನೊಂದು ಕಡೆ ಸೇವುಣರು. ಒಡೆಯನ ಹೆಸರು ಬದಲಿಸದೆ ಹಟ ಹಿಡಿದಿದ್ದರೆ ಮೊದಲು ಸುಟ್ಟುಹೋಗುತ್ತಿದ್ದುದು ಗುತ್ತಲದ ಹೊಲಮನೆಗಳು. ಅವರು ಹೆಸರು ಬದಲಿಸಿದರು. ಹದಿಮೂರನೆಯ ಶತಮಾನದಲ್ಲೂ ಉಳಿದರು. ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯದ ಅಂಗಳದಲ್ಲಿ ನಿಂತ ಎತ್ತರದ ಶಾಸನಕಲ್ಲುಗಳಲ್ಲಿ ಅವರ ವಂಶದ ಕಥೆ ಇಂದಿಗೂ ಇದೆ. ಅವಕಾಶ ಸಿಕ್ಕರೆ ನಿಮ್ಮ ಮೇಷ್ಟರೊಂದಿಗೆ ಹೋಗಿ ನೋಡಿ. ಅಕ್ಷರಗಳು ಎಷ್ಟು ಸ್ಫುಟವಾಗಿವೆಯೆಂದರೆ, ಸ್ವಲ್ಪ ಅಭ್ಯಾಸದಿಂದ ಹಲವು ಅಕ್ಷರಗಳನ್ನು ನೀವೇ ಗುರುತಿಸಬಹುದು.

ಹಾನಗಲ್ಲಿನ ಕದಂಬ ಕಾಮದೇವ ಬೇರೆ ದಾರಿ ಹಿಡಿದ. ನಾಲ್ಕನೆಯ ಸೋಮೇಶ್ವರನ ಸಾಮಂತನಾಗಿದ್ದ ಅವನು ಹೊಸ ಒಡೆಯನಿಗೆ ಒಡನೆ ತಲೆಬಾಗಲಿಲ್ಲ. 1196ರಲ್ಲಿ ಬಲ್ಲಾಳ ಬಂದು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕಾಮದೇವನ ಸೇನಾಪತಿ ಸೋಹಣಿ ಮತ್ತು ಅವನ ಮಗ ಪದ್ಮಯ್ಯ ಎದುರು ನಿಂತರು. ಹೊಯ್ಸಳ ಸೈನ್ಯ ಆ ಸಲ ಹಿಂದೆ ಸರಿಯಬೇಕಾಯಿತು, ಆದರೆ ಸೋಹಣಿ ಸತ್ತ. ಈ ಸಂಗತಿ ನಮಗೆ ತಿಳಿದದ್ದು ಹಾನಗಲ್ಲಿನ ಒಂದು ವೀರಗಲ್ಲಿನಿಂದ. ಇಲ್ಲಿಯೂ ಒಬ್ಬ ದಂಡನಾಯಕ ತಂದೆ, ಅವನಿಗೊಬ್ಬ ಮಗ. ಕಾವಣ ಮತ್ತು ಬ್ರಹ್ಮರ ಜೊತೆ ಇವರನ್ನಿಟ್ಟು ನೋಡದೆ ಇರಲು ನನ್ನಿಂದ ಆಗುವುದಿಲ್ಲ.

ಕಳಚುರಿಗಳ ಇನ್ನೊಬ್ಬ ದಂಡನಾಯಕನ ಮಾತು ಹೇಳಿ ಮುಗಿಸುತ್ತೇನೆ. ಅವನು ರೇಚರಸ, ‘ವಸುಧೈಕಬಾಂಧವ’ ಎಂಬ ಬಿರುದಿನ ಜೈನ. ತನ್ನ ಒಡೆಯರ ರಾಜ್ಯವನ್ನು ಅವನೇ ಕೆಡವಲಿಲ್ಲ. ಅದು ಕುಸಿದ ಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದ, ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಅದನ್ನು ಹೇಳುವ ಶಾಸನ 1220ರದು. ಅದೇ ವರ್ಷ ಬಲ್ಲಾಳ ತೀರಿಕೊಂಡ. ಅವನ ಜೊತೆ ಸಾಯುವೆನೆಂದು ಪ್ರತಿಜ್ಞೆ ಮಾಡಿ ‘ಗರುಡ’ನಾಗಿದ್ದ ಕುವರ ಲಕ್ಷ್ಮ ಮಾತಿಗೆ ತಪ್ಪದೆ ಹೆಂಡತಿಯೊಂದಿಗೆ, ತನ್ನ ವೀರರೊಂದಿಗೆ ಪ್ರಾಣಬಿಟ್ಟ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಅವನ ಸ್ಮಾರಕಸ್ತಂಭವಿದೆ. ಅದರ ಮೇಲೆ ಆ ವೀರರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಶಿಲ್ಪಗಳನ್ನು ಕಡೆದಿದ್ದಾರೆ.