ಡಿ.ವಿ.ಜಿ. ಅವರ ಪದ್ಮಭೂಷಣ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಡುವ ಕವಲು ರೈಲುಮಾರ್ಗವು ಉರಿಗಾಂ ಮೂಲಕ ಸಾಗುತ್ತದೆ. 1894ರಲ್ಲಿ ಈ ಮಾರ್ಗ ತೆರೆದ ಮೇಲೆ ಹೊಟ್ಟೆಪಾಡನ್ನರಸಿ ಚಿನ್ನದ ಗಣಿಯ ನೆಲಕ್ಕೆ ಬಂದವರು ಅಸಂಖ್ಯರು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರೂ ತಾರುಣ್ಯದಲ್ಲಿ ಹಾಗೆ ಬಂದವರೇ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಅವರು ಗಣಿ ಪ್ರದೇಶದ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಕಾಲ ದುಡಿದರು. ಅನಂತರ ಬೆಂಗಳೂರು ಸೇರಿ ಪತ್ರಿಕಾವೃತ್ತಿಯನ್ನು ಹಿಡಿದರು.

ಭಾರತ ಸರ್ಕಾರವು 1974ರಲ್ಲಿ ಸಾಹಿತ್ಯ ಮತ್ತು ಶಿಕ್ಷಣ ವಿಭಾಗದಲ್ಲಿ ಅವರಿಗೆ ಪದ್ಮಭೂಷಣವನ್ನು ನೀಡಿತು. ಸಂವಿಧಾನದ 18ನೆಯ ವಿಧಿಯು ಬಿರುದುಗಳನ್ನು ನಿಷೇಧಿಸುವುದರಿಂದ 1954ರಲ್ಲಿ ಆರಂಭವಾದ ಈ ಗೌರವವು ಹೆಸರಿನ ಮುಂದೆ ಬರೆದುಕೊಳ್ಳುವ ಬಿರುದಲ್ಲ, ಸೇವೆಯ ಮನ್ನಣೆ ಮಾತ್ರ. ಆದರೆ ಅವರ ಯಾವ ಸೇವೆಗೆ? ‘ಸಾಹಿತ್ಯ ಮತ್ತು ಶಿಕ್ಷಣ’ ಎಂಬ ಶೀರ್ಷಿಕೆಯಲ್ಲಿ ಡಿ.ವಿ.ಜಿ. ಅವರ ಅರ್ಧ ಬದುಕು ಮರೆಯಾಗುತ್ತದೆ. 1913ರಲ್ಲಿ ಆರಂಭಿಸಿದ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ, ಮೈಸೂರು ಶಾಸನಸಭೆಯಲ್ಲಿನ ದುಡಿಮೆ, 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆ ಇವೆಲ್ಲ ಆ ಶೀರ್ಷಿಕೆಯೊಳಗೆ ಸುಲಭವಾಗಿ ಅಡಗುವಂಥವಲ್ಲ.

ಸಾಹಿತ್ಯ ಅಕಾಡೆಮಿಯ ಅಳತೆಗೋಲೂ ಬೇರೆ. ಅದು 1967ರಲ್ಲಿ ಮನ್ನಿಸಿದ್ದು ಭಗವದ್ಗೀತಾ ತಾತ್ಪರ್ಯವಾದ ‘ಜೀವನಧರ್ಮಯೋಗ’ವನ್ನು. ಮನೆಮನೆಗೆ ಮುಟ್ಟಿದ್ದ ‘ಮಂಕುತಿಮ್ಮನ ಕಗ್ಗ’ ಹೊರಬಂದದ್ದು 1943ರಲ್ಲಿ. ಆಗ ಅಕಾಡೆಮಿಯೇ ಇರಲಿಲ್ಲ. ಇತ್ತೀಚಿನ ಕೆಲವು ವರ್ಷಗಳ ಕೃತಿಗಳನ್ನಷ್ಟೇ ಪರಿಗಣಿಸುವ ಅದರ ಪ್ರಶಸ್ತಿಗೆ ಕಗ್ಗ ಒಳಪಡುವಂತೆಯೂ ಇರಲಿಲ್ಲ. ಓದುಗರು ಅದಕ್ಕಾಗಿ ಕಾಯಲೂ ಇಲ್ಲ.

ಪದ್ಮಭೂಷಣ ಬಂದಾಗ ಡಿ.ವಿ.ಜಿ. ಅವರಿಗೆ ಎಂಬತ್ತಾರು ತುಂಬಿತ್ತು. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು. ಅದೇ ಕೋಲಾರ ಸೀಮೆಯ, ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ 1983ರ ಜ್ಞಾನಪೀಠ ದೊರೆತದ್ದು ತೊಂಬತ್ತು ದಾಟಿದ ಮೇಲೆ. ಬದುಕಿನ ಸಂಜೆಯಲ್ಲಿ ಬಂದ ಮನ್ನಣೆ ಬರೆಹಕ್ಕೆ ಬಲ ನೀಡಲಾರದು. ಹೆಚ್ಚೆಂದರೆ ಬರೆದದ್ದನ್ನು ದೂರದ ಭಾಷೆಗಳವರ ಕಣ್ಣಿಗೆ ಬೀಳಿಸಬಹುದು. ಅಷ್ಟಾದರೂ ಸಣ್ಣದಲ್ಲ.

ಸನ್ಮಾನವನ್ನು ಡಿ.ವಿ.ಜಿ. ಹೇಗೆ ಕಂಡರೆಂಬುದಕ್ಕೆ ಅವರ ನಡತೆಯೇ ಸಾಕ್ಷಿ. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ತಮಗೆ ಅರ್ಪಿಸಿದ ಹಮ್ಮಿಣಿಯನ್ನು ಅವರು ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಇನ್ನು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಂತೂ ಅವರೇ ಸಿದ್ಧಪಡಿಸಿದ ಇನ್ನೊಂದು ಗೌರವಪಟ್ಟಿ. ಅಲ್ಲಿ ದಿವಾನರೂ ವಿದ್ವಾಂಸರೂ ಇದ್ದಾರೆ. ಯಾವ ಸರ್ಕಾರದ ಕಡತಕ್ಕೂ ಏರದ ವೈದಿಕರೂ ಕಲೋಪಾಸಕರೂ ಮುಳಬಾಗಿಲಿನ ಸಾಮಾನ್ಯರೂ ಇದ್ದಾರೆ.